ಸೊಂಟದುದ್ದ ನೀರು

ಬುವಾಲಾಳಿಗೆ ನದಿಯ ತಳ ಕಾಣಿಸಿತು. ಕೈಯಲ್ಲಿದ್ದ ಅನ್ನದುಂಡೆ ಕೈಯಲ್ಲೇ ಉಳಿಯಿತು. ಬಲೆ ಎತ್ತುವ ಮೊದಲು ನೀರೊಳಗಿನ ನಾಗನಿಗೆ ಒಂದು ತುತ್ತು ಹಾಕುವುದು ಮೊದಲಿನಿಂದಲೂ ಅವಳ ಕೆಲಸ. ಹಾಕಿದ ತುತ್ತು ಕೆಸರುನೀರಿನಲ್ಲಿ ಮುಳುಗಿ ಮಾಯವಾಗಬೇಕು. ನಾಗ ತಿಂದನೋ ಬಿಟ್ಟನೋ ನೋಡುವ ಹಾಗಿಲ್ಲ, ನೋಡಲು ಆಗುವುದೂ ಇಲ್ಲ. ಅವಳು ಹುಟ್ಟಿದಾಗಿನಿಂದ ಮೆಕಾಂಗ್ ಎಂದರೆ ಹಾಲು ಹಾಕಿದ ಚಹಾದ ಬಣ್ಣ. ಇವತ್ತು ಅದು ಗಾಜಾಗಿತ್ತು. ಮರಳಿನ ಗೆರೆ, ಯಾರದೋ ಹರಿದ ಚಪ್ಪಲಿ, ಕೊರಡಿಗೆ ಸಿಕ್ಕಿಕೊಂಡ ತಮ್ಮದೇ ಬಲೆ, ಎಲ್ಲ ಅಂಗೈ ಮೇಲೆ ಇಟ್ಟ ಹಾಗೆ ಕಾಣುತ್ತಿತ್ತು. ಮನೆಯ ಹಿರಿಯರನ್ನು ಮೈಮೇಲೆ ಬಟ್ಟೆಯಿಲ್ಲದೆ ಕಂಡವಳಂತೆ ಬುವಾಲಾ ಮುಖ ತಿರುಗಿಸಿ, ಉಂಡೆಯನ್ನು ಬುಟ್ಟಿಗೆ ಹಾಕಿದಳು.

ಅವಳ ತಮ್ಮ ಸಿಸವಾತ್ ಆಚೆ ದಡದಿಂದ ಬಂದು ತನ್ನ ದೋಣಿಯನ್ನು ಅವಳೂ ಗಂಡನೂ ಇದ್ದ ದೋಣಿಗೆ ತಾಗಿಸಿ ನಿಲ್ಲಿಸಿದ್ದ. ಬುವಾಲಾಳ ತವರು ಆ ದಡದ ಲಾವೋಸ್, ಗಂಡನ ಮನೆ ಈ ದಡದ ಥಾಯ್ಲೆಂಡ್. ಭಾವ ಭಾಮೈದ ನಡುನೀರಿನಲ್ಲಿ ಸೇರಿದರೆ ಸಾಕು, ಎರಡು ಸರಕಾರಗಳ ಜಗಳ ಎರಡು ದೋಣಿಗಳಲ್ಲೇ ನಡೆದುಹೋಗುತ್ತಿತ್ತು.

“ಮೇಲೆ ನಿಮ್ಮೋರು ಕಟ್ಟೆ ಕಟ್ಟಿ ಕೆಸರನ್ನೆಲ್ಲ ಅಲ್ಲೇ ನುಂಗಿ ಕೂತಿದ್ದಾರೆ. ನಮ್ಮ ಪಾಲಿಗೆ ಸೋಸಿದ ತಿಳಿ,” ಎಂದ ಅವಳ ಗಂಡ ಪ್ರಸಿತ್.

“ಕಟ್ಟೆ ನಮ್ದು, ಕರೆಂಟು ನಿಮ್ದು, ಭಾವ. ಆ ದೀಪದ ಕೆಳಗೇ ಕೂತು ನಮ್ಮನ್ನ ಬಯ್ತೀಯ. ಈ ಸಲ ಮಳೆ ಅರ್ಧಕ್ಕೇ ಎದ್ದು ಹೋಯ್ತಲ್ಲ, ಅದನ್ನೂ ನಾವೇ ಕದ್ವಾ?”

ಆಮೇಲೆ ಅವನ ದನಿ ಇಳಿಯಿತು. ತಮ್ಮ ದಡದಲ್ಲಿ ಅಮ್ಮನ ತರಕಾರಿ ಪಾತಿ ಬೇಲಿ ಸಮೇತ ನದಿಗೆ ಕುಸಿದ ಸುದ್ದಿ ಹೇಳಿದ. ಮಣ್ಣಿಲ್ಲದ ನೀರಿಗೆ ಹಸಿವು ಹೆಚ್ಚಂತೆ, ಸಿಕ್ಕಿದ್ದನ್ನು ತಿನ್ನುತ್ತಾ ಬರುತ್ತದಂತೆ, ಹಾಗಂತ ಊರಿನವರು ಅನ್ನುತ್ತಿದ್ದಾರೆ ಎಂದ. ಪ್ರಸಿತ್ ನಕ್ಕುಬಿಟ್ಟ. ನೀರು ತಿನ್ನುವುದನ್ನು ಲಾವೋಸಿನವರು ಮಾತ್ರ ನೋಡಬಲ್ಲರು ಎಂದ.

ದಡದಲ್ಲಿ ಪಟ್ಟಣದ ಮಂದಿ ನೀಲಿ ನೀರಿಗೆ ಬೆನ್ನು ಮಾಡಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅವರಿಗೆ ಸಮುದ್ರ ಮನೆ ಬಾಗಿಲಿಗೆ ಬಂದ ಸಂಭ್ರಮ. ಪ್ರಸಿತನ ಕಣ್ಣು ಬಲೆಯ ಮೇಲಿತ್ತು. ನೀರು ತಿಳಿಯಾದ ಮೇಲೆ ಬಲೆ ಮೀನಿಗೂ ಕಾಣುತ್ತಿತ್ತು, ನೆಂಟರ ಮನೆಯ ಬೇಲಿ ಬಳಸಿದ ಹಾಗೆ ಮೀನು ಅದನ್ನು ಬಳಸಿಕೊಂಡು ಹೋಗುತ್ತಿತ್ತು. ಆದರೂ ಇದ್ದದ್ದು ಅದೊಂದೇ ಬಲೆ, ಎಳೆದರೆ ಹರಿಯುತ್ತದೆ. ಇಳಿದು ಬಿಡಿಸಿಕೊಂಡು ಬರುತ್ತೇನೆಂದು ಬಲೆಯ ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಂಡ.

“ಮೊದ್ಲು ಗಳ ಹಾಕಿ ಆಳ ನೋಡು,” ಎಂದಳು ಬುವಾಲಾ. ಗಳ ಇಳಿಸದೆ ಕಾಲು ಇಳಿಸಬೇಡ ಎಂಬುದು ಊರಿಗೆಲ್ಲ ಅವನೇ ಹೇಳಿಕೊಟ್ಟ ಪಾಠ.

“ಕಣ್ಣಿಗೆ ಕಾಣೋದಕ್ಕೂ ಗಳ ಬೇಕಾ? ಇದು ನಮ್ಮ ಕಡಲೆಕಾಯಿ ದಿಬ್ಬ ಕಣೇ. ಸೊಂಟದುದ್ದ ನೀರು.”

ಅವಳೂ ಬಗ್ಗಿ ನೋಡಿದಳು. ಹೌದು, ಬೇಸಿಗೆಯಲ್ಲಿ ನೀರು ಸರಿದಾಗ ಅವರು ಕಡಲೆಕಾಯಿ ಬಿತ್ತುತ್ತಿದ್ದ ಮರಳುದಿಬ್ಬವೇ. ಸೊಂಟವೂ ಇರಲಿಕ್ಕಿಲ್ಲ, ಮೊಣಕಾಲು. ಬಗ್ಗಿದರೆ ಆ ಚಪ್ಪಲಿ ಕೈಗೆ ಸಿಗುವಂತಿತ್ತು. ಗಳದ ಮೇಲಿದ್ದ ಕೈಯನ್ನು ಅವಳು ತೆಗೆದಳು. ಪ್ರಸಿತ್ ಮನೆಯ ಮೆಟ್ಟಿಲು ಇಳಿಯುವವನಂತೆ ಒಂದು ಕಾಲನ್ನು ಹೊರಗಿಟ್ಟ. ಭಾಮೈದನಿಗೆ ಇನ್ನೇನೋ ಚುಚ್ಚಲು ಬಾಯಿ ತೆರೆದಿದ್ದ. ಆ ತೆರೆದ ಬಾಯಲ್ಲೇ ಒಳಗೆ ಹೋದ.

ಕೆಸರುನೀರಿನಲ್ಲಿ ಮುಳುಗಿದವರು ಮಾಯವಾಗುತ್ತಾರೆ. ಪ್ರಸಿತ್ ಮಾಯವಾಗಲಿಲ್ಲ. ಈಜು ಬಲ್ಲವನು, ಆದರೆ ಮಣಿಕಟ್ಟಿನ ಹಗ್ಗ ಬಲೆಯನ್ನು ಅವನ ಮೇಲೆಯೇ ಎಳೆದು ಹಾಕಿತ್ತು. ಒದೆಯುವ ಕಾಲು, ಬಾಯಿಂದ ಏಳುವ ಗುಳ್ಳೆ, ಅವಳನ್ನೇ ನೋಡುತ್ತಿದ್ದ ಕಣ್ಣು, ಎಲ್ಲವೂ ಅವಳಿಗೆ ಕಾಣುತ್ತಿತ್ತು. ಅವನ ಕೈ ಇಲ್ಲೇ ಇತ್ತು, ಗೇಣುದ್ದದಲ್ಲಿ. ಬುವಾಲಾ ಹಿಡಿಯಲು ಕೈ ಚಾಚಿದಳು, ಸಿಗಲಿಲ್ಲ. ಹೆಗಲವರೆಗೂ ಮುಳುಗಿಸಿದಳು. ಕೈ ಅಲ್ಲೇ ಇತ್ತು, ಸಿಗಲಿಲ್ಲ. ಸಿಸವಾತ್ ಏನೋ ಹೇಳುತ್ತಾ ಇವರ ದೋಣಿಗೆ ಹಾರಿದ. ಅವಳಿಗೆ ಗಳದ ನೆನಪಾಯಿತು. ನೀರಿಗೆ ಚುಚ್ಚಿದಳು. ಮುಕ್ಕಾಲು ಗಳ ಒಳಗೆ ಹೋದ ಮೇಲೆ ಅದನ್ನು ಯಾರೋ ಹಿಡಿದದ್ದು ಅಂಗೈಗೆ ತಿಳಿಯಿತು. ಅಕ್ಕ ತಮ್ಮ ಇಬ್ಬರೂ ಸೇರಿ ಬಲೆ ಸಮೇತ ಅವನನ್ನು ಮೇಲೆಳೆದುಕೊಂಡರು.

ಬಲೆ ಹರಿದಿತ್ತು. ಅದನ್ನು ಯಾರೂ ನೋಡಲಿಲ್ಲ. ಪ್ರಸಿತ್ ಕೆಮ್ಮಿದ, ವಾಂತಿ ಮಾಡಿಕೊಂಡ, ಬಹಳ ಹೊತ್ತು ದೋಣಿಯಂಚು ಹಿಡಿದು ಕೂತ.

“ನಮ್ಮ ದಿಬ್ಬ ಎಲ್ಲಿ ಹೋಯ್ತು?” ಎಂದು ಕೊನೆಗೆ ಪ್ರಸಿತನೇ ಕೇಳಿದ. ಮನೆಯಲ್ಲಿಟ್ಟ ವಸ್ತುವನ್ನು ಹೆಂಡತಿಯ ಬಳಿ ಕೇಳುವ ಹಾಗೆ.

ಅವನು ಗಳವನ್ನು ತೆಗೆದುಕೊಂಡು ತಾನು ಬಿದ್ದ ಜಾಗದಲ್ಲೇ ನೆಟ್ಟಗೆ ಇಳಿಸಿದ. ಗಳ ಹೋಯಿತು. ಮುಂಗೈ ಮುಳುಗಿತು, ಮೊಣಕೈ ಮುಳುಗಿತು, ಕಿವಿ ನೀರಿಗೆ ತಾಗಿತು. ಮೂವರೂ ಬಗ್ಗಿ ನೋಡಿದರು. ಗಳದ ತುದಿ ಚೆನ್ನಾಗಿ ಕಾಣುತ್ತಿತ್ತು, ಅದರ ಕೆಳಗೆ ಮರಳೂ ಕಾಣುತ್ತಿತ್ತು. ಒಂದಕ್ಕೊಂದು ತಾಗಿರಲಿಲ್ಲ.

ನಾಗನ ತುತ್ತು ಹಾಕಿಲ್ಲವೆಂಬುದು ಬುವಾಲಾಳಿಗೆ ಆಗ ನೆನಪಾಯಿತು. ಬುಟ್ಟಿಯಿಂದ ಉಂಡೆ ತೆಗೆದು ನೀರಿಗೆ ಬಿಟ್ಟಳು. ಬಿಳಿಯ ಅನ್ನದುಂಡೆ ಗಂಡನ ಕೈ ದಾಟಿತು, ಗಳದ ತುದಿ ದಾಟಿತು, ಆಮೇಲೂ ಇಳಿಯುತ್ತಲೇ ಇತ್ತು.