ಹದಿನೇಳನೆಯ ಟಿಕ್

ಹದಿನೇಳನೆಯ ಟಿಕ್ ಹಾಕಲು ಹೋದ ಅವಳ ಬೆರಳು ಮೌಸಿನ ಮೇಲೆ ಹಾಗೇ ನಿಂತಿತು. ಸರ್ವರ್‌ನೊಳಗೆ ತಂತ್ರಾಂಶದಲ್ಲಷ್ಟೇ ಇರುವ ಹದಿನಾರು ವರ್ಚುವಲ್ ಯಂತ್ರಗಳಿಗೆ ಆಗಲೇ ವೇಳಾಪಟ್ಟಿ ಬಿದ್ದಿತ್ತು: ದಿನಕ್ಕೊಂದು ಸ್ನ್ಯಾಪ್‌ಶಾಟ್, ಅಂದರೆ ಯಂತ್ರದ ಆ ಹೊತ್ತಿನ ಪಡಿಯಚ್ಚು, ತಾನಾಗಿಯೇ ಆಗಬೇಕು, ವಾರ ದಾಟಿದ್ದು ತಾನಾಗಿಯೇ ಅಳಿಯಬೇಕು. ಈ ಕೊನೆಯ ಯಂತ್ರ ಯಾರ ಕೆಲಸಕ್ಕೂ ಬಾರದ್ದು. ಆದರೂ ಅದರಲ್ಲಿ ಮೂವತ್ತು ಸ್ನ್ಯಾಪ್‌ಶಾಟ್‌ಗಳಿದ್ದವು. ಇವಳಿಗಿಂತ ಮುಂಚೆ ಈ ಕುರ್ಚಿಯಲ್ಲಿದ್ದ ಆಪರೇಟರ್ ನಿವೃತ್ತಿಗೆ ಮುನ್ನ ಕೈಯಾರೆ ತೆಗೆದಿಟ್ಟವು. ಟಿಕ್ ಬಿದ್ದರೆ ಅವೆಲ್ಲ ಮಾಯ.

"ಅದಕ್ಕೂ ಹಾಕಿ ಕೈ ತೊಳ್ಕೊಳ್ಳಮ್ಮ" ಎಂದರು ಫೋನಿನಲ್ಲಿ ಮ್ಯಾನೇಜರ್. "ಆ ಯಜಮಾನ್ರಿಗೆ ಬೇರೆ ಕೆಲಸ ಇರಲಿಲ್ಲ."

"ಹಾಕ್ತೀನಿ ಸಾರ್" ಎಂದು ಫೋನಿಟ್ಟಳು. ಕಿಟಕಿಯಿಲ್ಲದ ಈ ಕೋಣೆಗೆ ಬಂದು ಮೂರು ತಿಂಗಳಾಗಿತ್ತು. ಇಂಥ ಫೋನು ಬಿಟ್ಟರೆ ಮಾತಾಡಿಸುವ ಒಂದು ನರಪಿಳ್ಳೆಯೂ ಇರಲಿಲ್ಲ. ಅಳಿಸುವ ಮುನ್ನ, ಹಳೆಯ ಆಪರೇಟರ್ ಒಂದೊಂದು ಸ್ನ್ಯಾಪ್‌ಶಾಟಿನ ಕೆಳಗೂ ಬರೆದಿದ್ದ ವಿವರಣೆ ಓದಿದಳು. "ಎಲ್ಲ ಸುಸೂತ್ರ. ಇವತ್ತೂ ಯಾರೂ ಈ ಕಡೆ ತಲೆ ಹಾಕಲಿಲ್ಲ." "ಸುಸೂತ್ರ. ಫ್ಯಾನು ಕೆಮ್ತು, ನಾನೂ ಕೆಮ್ದೆ. ಅಷ್ಟೇ ಮಾತುಕತೆ." ಅವಳಿಗೆ ನಗು ಬಂತು. ಕೊನೆಯದರಲ್ಲಿ ಹೀಗಿತ್ತು: "ನಾಳೆಯಿಂದ ನಾನಿರಲ್ಲ. ನನ್ನ ಕುರ್ಚೀಲಿ ಕೂತು ಇದನ್ನ ಓದ್ತಿರೋರೇ, ಊಟ ಆಯ್ತಾ?"

ಗಡಿಯಾರ ಮೂರೂವರೆ ತೋರಿಸುತ್ತಿತ್ತು. ಕೀಲಿಮಣೆಯ ಪಕ್ಕ ಅವಳ ಡಬ್ಬಿ ಬಿಚ್ಚದೆ ಕೂತಿತ್ತು. ಅವಳು ಹದಿನೇಳನೆಯ ಚೌಕವನ್ನು ಖಾಲಿ ಬಿಟ್ಟು, ಆ ಯಂತ್ರದ ಮೂವತ್ತೊಂದನೆಯ ಸ್ನ್ಯಾಪ್‌ಶಾಟನ್ನು ತಾನೇ ಕೈಯಾರೆ ತೆಗೆದಳು. ವಿವರಣೆಯ ಜಾಗದಲ್ಲಿ "ಇನ್ನೂ ಇಲ್ಲ. ಬನ್ನಿ, ಮಾಡೋಣ" ಎಂದು ಬರೆದು, ಡಬ್ಬಿಯ ಮುಚ್ಚಳ ತೆಗೆದಳು.