ಈ ಒಲೆಯಲ್ಲಿ ಉಂಡವರು

"ನಾಕು ಜನ ಅಂತ ಬರಕೋ," ಎಂದಳು ಜುಂಜಮ್ಮ, ಬಿತ್ತನೆಯ ಕಡಲೆಕಾಯಿ ಸುಲಿಯುತ್ತಿದ್ದ ಕೈ ನಿಲ್ಲಿಸದೆ. "ನಿಮ್ಮಪ್ಪ, ನಿಮ್ಮಣ್ಣ, ನಾನು, ನೀನು."

ಎದುರಿಗೆ ಚಾಪೆಯ ಮೇಲೆ ಟ್ಯಾಬ್ ಹಿಡಿದು ಕೂತಿದ್ದ ಮಗಳು ಯಶೋದ ಮೂರು ಹೆಸರು ಹಾಕಿ ನಿಲ್ಲಿಸಿದಳು. ಮಧುಗಿರಿ, ಕೊರಟಗೆರೆ, ಪಾವಗಡ, ಶಿರಾ ಎಂದು ನಾಲ್ಕು ತಾಲೂಕಿನ ಕುರಿಗಾಹಿ ಹಟ್ಟಿಗಳನ್ನು ಸುತ್ತಿ ಮೂವತ್ತೊಂಬತ್ತು ಮನೆಗಳ ಸಮೀಕ್ಷೆ ಮುಗಿಸುವಾಗ ಎಲ್ಲೂ ಹೀಗೆ ಕೈ ತಡೆದಿರಲಿಲ್ಲ. ನಲವತ್ತನೆಯದು ಅವಳದೇ ಮನೆ. ಯಾವ ಯಾವ ಮನೆ ಎಂದು ಚೀಟಿ ಎತ್ತಿದಾಗ ಬಂದದ್ದು. ಬೇರೆ ಮನೆ ಹಿಡಿಯಲೇ ಎಂದು ಕೇಳಿದ್ದಕ್ಕೆ, ಬಂದ ಚೀಟಿ ಬದಲಾಯಿಸುವಂತಿಲ್ಲ ಎಂದು ಅವಳ ಪ್ರೊಫೆಸರು ಅಲ್ಲಿಂದ ಬರೆದಿದ್ದರು.

ಅಲ್ಲಿಂದ ಅಂದರೆ ಹಂಗೇರಿಯಿಂದ. ಪ್ರಾದೇಶಿಕ ಅರ್ಥಶಾಸ್ತ್ರದಲ್ಲಿ ಎಂ.ಎಸ್ಸಿ. ಓದಲು ಯಶೋದ ಅಲ್ಲಿಗೆ ಹೋಗಿ ಒಂಬತ್ತು ತಿಂಗಳಾಗಿತ್ತು. ಪ್ರಬಂಧಕ್ಕೆ ಬೇಕಾದ ಮಾಹಿತಿ ಕೂಡಿಸಲು ಈಗ ಬಂದಿದ್ದಳು. ಹಟ್ಟಿಯವರ ಕಿವಿಗೆ ಹಂಗೇರಿ ಕೆಂಗೇರಿಯಾಗಿ ಬಿದ್ದಿತ್ತು. ಬೆಂಗಳೂರು ಪಕ್ಕದಲ್ಲಿದ್ದುಕೊಂಡು ಹಬ್ಬಕ್ಕೂ ಬರುವುದಿಲ್ಲವಲ್ಲ, ಎಂಥಾ ಕೊಬ್ಬು ಎಂದು ಆಡಿಕೊಂಡಿದ್ದರು. ಪಕ್ಕದ ಮನೆಯ ದಾಸಯ್ಯನಂತೂ ಶಿರಾಕ್ಕೆ ಹೋದವನು ಕೆಂಗೇರಿ ಬಸ್ಸು ಎಷ್ಟೊತ್ತಿಗೆ ಎಂದು ವಿಚಾರಿಸಿಕೊಂಡು ಬಂದು ಜುಂಜಮ್ಮನಿಗೆ ಒಪ್ಪಿಸಿದ್ದ. ಫೋನಿನಲ್ಲಿ ಇದನ್ನು ಕೇಳಿ ಯಶೋದ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದಳು. ಫೋನಿಟ್ಟ ಮೇಲೆ, ಕೆಂಗೇರಿಯೇ ಆಗಿದ್ದರೆ ಭಾನುವಾರ ಬಂದು ಒಂದು ತುತ್ತು ಉಂಡು ಹೋಗಬಹುದಿತ್ತಲ್ಲ ಎಂದು ಅತ್ತಿದ್ದಳು.

"ಅಮ್ಮ, ಹೋದ ಒಂದು ವರ್ಸದಾಗೆ ಆರು ತಿಂಗಳಾದ್ರೂ ಈ ಒಲೇಲಿ ಉಂಡೋರನ್ನ ಮಾತ್ರ ಬರಕೋಬೇಕು. ಅದು ನಿಯಮ."

"ಅಂಗಾರೆ ನಿಮ್ಮಪ್ಪನ್ನೂ ತಗದಾಕು, ನಿಮ್ಮಣ್ಣ ಅಂಜಿನಮೂರ್ತೀನೂ ತಗದಾಕು. ದೀಪಾವಳಿ ಮುಗಿಸ್ಕಂಡು ಕುರಿ ಹೊಡಕಂಡು ಹೋದೋರು ಇನ್ನೂ ಈ ಕಡೆ ತಲೆ ಹಾಕಿಲ್ಲ."

"ಕುರಿ ಹಿಂದೆ ಹೋದೋರು ಲೆಕ್ಕಕ್ಕೆ ಬರ್ತಾರೆ. ಮಳೆ ಬಿದ್ದ ಮ್ಯಾಲೆ ವಾಪಸ್ ಬರ್ತಾರಲ್ಲ, ಅದಕ್ಕೆ."

"ಯಾರು ಮಾಡಿದ್ದು ಈ ನಿಯಮಾನ?"

"ನಾನೇ ಕಣಮ್ಮ."

ಅದು ನಿಜ. ಬರೀ ಆರು ತಿಂಗಳ ನಿಯಮ ಹಿಡಿದರೆ ಹಟ್ಟಿಗಳ ಅರ್ಧ ಗಂಡಸರು ಕಾಗದದ ಮೇಲೆ ಮಾಯವಾಗುತ್ತಿದ್ದರು. ಅವರು ಮನೆ ಬಿಟ್ಟು ಹೋದವರಲ್ಲ, ನಡೆಯುವುದೇ ಅವರ ಮನೆಗೆಲಸ ಎಂದು ಯಶೋದ ಒಂದು ವಾರ ಪ್ರೊಫೆಸರ ಜೊತೆ ಜಗ್ಗಾಡಿ ಆ ವಿನಾಯಿತಿ ಸೇರಿಸಿದ್ದಳು. ತರಗತಿಯಲ್ಲಿ ಚಪ್ಪಾಳೆಯೂ ಬಿದ್ದಿತ್ತು. ಓದಲು ಹೋದವರ ವಿಷಯ ಆಗ ಅವಳ ತಲೆಗೇ ಬಂದಿರಲಿಲ್ಲ.

"ನೀನೂ ವಾಪಸ್ ಬತ್ತೀಯಲ್ಲ?" ಎಂದಳು ಜುಂಜಮ್ಮ.

"ನಾನು ಕುರಿ ಹಿಂದೆ ಹೋಗಿಲ್ವಲ್ಲಮ್ಮ."

"ಲೇ, ರೇಷನ್ ಕಾರ್ಡ್‌ನಾಗೆ ನಿನ್ನ ಹೆಸರೈತೆ. ಸರ್ಕಾರಕ್ಕೆ ಗೊತ್ತಿರೋದು ಆ ಹಲಗೆಗೆ ಗೊತ್ತಿಲ್ವಾ?"

ಯಶೋದ ನಗಲು ನೋಡಿದಳು, ಆಗಲಿಲ್ಲ. ಇರಲಿ ಎಂದು ನಾಲ್ಕನೆಯ ಸಾಲಿನಲ್ಲಿ ತನ್ನ ಹೆಸರು ಹಾಕಿ, ತಿಂಗಳು ಎಂಬಲ್ಲಿ ಮೂರು ಎಂದು ಒತ್ತಿದಳು. ಕೂಡಲೇ ಕೆಂಪು ಅಕ್ಷರ ಮೂಡಿತು: 'ಈ ವ್ಯಕ್ತಿ ಈ ಮನೆಯ ಸದಸ್ಯರಲ್ಲ.' ಆ ವಾಕ್ಯವನ್ನು ಕನ್ನಡದಲ್ಲಿ ಬರೆದುಕೊಟ್ಟವಳೂ ಅವಳೇ.

ಮೂರನ್ನು ಅಳಿಸಿ ಆರು ಒತ್ತಿದರೆ ಮುಗಿಯಿತು. ಯಾರು ಬಂದು ನೋಡುತ್ತಾರೆ? ಹಂಗೇರಿಗೆ ಒಯ್ದಿದ್ದ ರಾಗಿ ಹಿಟ್ಟು ಮೂರನೆಯ ತಿಂಗಳಿಗೇ ತೀರಿತ್ತು. ಆಮೇಲೆ ಹಾಸ್ಟೆಲಿನ ಕಿಟಕಿಗೆ ಮುಖ ಮಾಡಿ, ಮಂಡಿಯ ಮೇಲೆ ತಟ್ಟೆ ಇಟ್ಟುಕೊಂಡು ಉಂಡ ಅಷ್ಟೂ ದಿನ ಅವಳು ಬಯಸಿದ್ದು ಈ ಒಲೆ, ಈ ಹೊಗೆ, ಮೂಲೆಯಲ್ಲಿ ಮಡಿಸಿಟ್ಟ ಕಂಬಳಿಯ ಈ ವಾಸನೆ. ಈಗ ಅವುಗಳ ನಡುವೆಯೇ ಕೂತು ಆ ಒಂದು ಸಾಲಿಗಾಗಿ ಅವಳ ಜೀವ ಹಾತೊರೆಯುತ್ತಿತ್ತು. ಬೆರಳು ಆರರ ಮೇಲೆ ಹೋಯಿತು.

ಆದರೆ ನಿನ್ನೆ ತಾನೇ ಮಧುಗಿರಿ ಕಡೆಯ ಹಟ್ಟಿಯೊಂದರಲ್ಲಿ, ಕೊರಟಗೆರೆಯ ಹಾಸ್ಟೆಲಿನಲ್ಲಿರುವ ಹುಡುಗಿಯ ಹೆಸರನ್ನು ಇದೇ ಬೆರಳು ಅಳಿಸಿತ್ತು. ಆ ಹುಡುಗಿಯ ತಾಯಿ ಹನುಮಕ್ಕ, "ಇರ್ಲಿ ಬರಕಳವ್ವ, ರಜಕ್ಕೆಲ್ಲ ಬತ್ತೈತೆ," ಎಂದು ಗೋಗರೆದಿದ್ದಳು. ಯಶೋದ ಅವಳಿಗೆ ನಿಯಮ ಓದಿ ಹೇಳಿ, ಕೊಟ್ಟ ಟೀ ಕುಡಿದು ಎದ್ದು ಬಂದಿದ್ದಳು.

ಬೆರಳು ಹಿಂದೆ ಬಂತು. ನಾಲ್ಕನೆಯ ಸಾಲನ್ನು ಅವಳು ಅಳಿಸಿದಳು.

"ಮೂರೇ ಜನ ಕಣಮ್ಮ," ಎಂದಳು. "ಬೇಜಾರಾಯ್ತಾ?"

"ನಿಯಮ ಅಂದ ಮ್ಯಾಲೆ ನಿಯಮ, ಬುಡು. ಅಲ್ಲಿ ಬರಕಂಡಿರ್ತಾರೆ."

"ಎಲ್ಲಿ?"

"ಆ ಊರಾಗೆ. ಒಂಬತ್ತು ತಿಂಗಳು ಅಲ್ಲೇ ಉಂಡಿದ್ದೀಯಲ್ಲ?"

ಯಶೋದ ಟ್ಯಾಬನ್ನು ಮಡಿಲಲ್ಲಿ ಮಗುಚಿಟ್ಟಳು. ಜುಂಜಮ್ಮ ಮೊರವನ್ನು ಪಕ್ಕಕ್ಕೆ ಸರಿಸಿ, ಕೈಗೆ ಮೆತ್ತಿದ್ದ ಸಿಪ್ಪೆ ಕೊಡವಿ, ಮಗಳ ಮುಖವನ್ನೇ ನೋಡಿದಳು.

"ಯಾರ ಮನೇಲಿ ಬರಕಂಡವ್ರೆ ಮಗ, ನಿನ್ನ ಹೆಸರ್ನ?"