ಅಮರನಾಥನ ರಿಪೋರ್ಟು

ಹೆಸರೇನು ಎಂದು ಲ್ಯಾಬಿನವನು ಕೇಳಿದಾಗ ರೇವಣ "ಅಮರನಾಥ" ಎಂದು ಬರೆಸಿದ. ಕಲಬುರಗಿಯ ಆ ಲ್ಯಾಬಿನಲ್ಲಿ ವೀರ್ಯ ಪರೀಕ್ಷೆಗೆ ಬಂದವರನ್ನೂ ಬಸ್ ಸ್ಟ್ಯಾಂಡಿನಲ್ಲಿ ಊರು ಕೂಗಿದಂತೆ ಹೆಸರು ಹಿಡಿದು ಕೂಗುತ್ತಿದ್ದರು. ಕಪನೂರಿನ ದಾಲ್ ಮಿಲ್ಲಿನಲ್ಲಿ ಜೊತೆಗೆ ಕೆಲಸ ಮಾಡುವವರು ಯಾರಾದರೂ ಸಕ್ಕರೆ ಕಾಯಿಲೆಗೆಂದು ಬಂದು ಕೂತಿದ್ದರೆ? ಅವನ ಬಳಗದಲ್ಲಿ ಅಮರನಾಥ ಎಂಬವರು ಯಾರೂ ಇರಲಿಲ್ಲ. ಅಷ್ಟರ ಮಟ್ಟಿಗೆ ಪ್ರಾಮಾಣಿಕ.

ರಿಪೋರ್ಟು ನೋಡಿದ ಡಾಕ್ಟರಮ್ಮ ಕನ್ನಡಕ ತೆಗೆದರು.

"ಹೆಂಡತಿದು ತಪಾಸಣಿ ಆಗ್ಯಾದೇನ್ರೀ?"

"ಹನ್ನೊಂದು ಆಗ್ಯಾವ್ರೀ. ಎಲ್ಲಾ ಸರಿ ಅದಾವ."

"ನಿಮ್ಮದು?"

"ಇದೇ ಮೊದಲ್ನೇದು."

"ಪುಡಿ, ಗುಳಿಗಿ ಏನರೆ ತಗೋತೀರೇನು?"

ರೇವಣ ಚೀಲದಿಂದ ಡಬ್ಬಿ ತೆಗೆದಿಟ್ಟ. ಮೇಲೆ ಕುದುರೆಯ ಚಿತ್ರವಿತ್ತು, ಕಂಪನಿಯ ವಿಳಾಸವಿರಲಿಲ್ಲ. ಮದುವೆಯಾದಾಗಿನಿಂದ ದಿನಾ ಎರಡು ಚಮಚ, ಹಾಲಿನಲ್ಲಿ.

"ಹುರುಪು ಬಂದದೇನು?"

"ಭಾಳ ಬಂದದ್ರೀ."

"ವೀರ್ಯಾಣು ಒಂದೂ ಇಲ್ಲ. ಇಂಥ ಪುಡಿದಾಗ ಹಾರ್ಮೋನ್ ಬೆರೆಸಿರ್ತಾರ. ಅದು ಹೊರಗಿಂದ ಬರಾಕತ್ತಂದ್ರ ಒಳಗ ಕೆಲಸ ಬಂದ್ ಆಗ್ತದ. ಮೊದಲು ಇದನ್ನ ಬಿಡ್ರಿ. ಮೂರು ತಿಂಗಳಿಗೆ ಮತ್ತ ನೋಡೋಣ."

ಕಮಲಾಪುರದ ಮನೆಯಲ್ಲಿ ಬೇರೆಯೇ ತಯಾರಿ ನಡೆದಿತ್ತು. ಮದುವೆಯಾಗಿ ಐದು ವರ್ಷವಾದರೂ ಮಕ್ಕಳಿಲ್ಲವೆಂದು ಅವ್ವ ದುಂಡಮ್ಮ ಮಗನಿಗೆ ಇನ್ನೊಂದು ಹೆಣ್ಣು ನೋಡಿದ್ದಳು. ಹೆಣ್ಣಿನ ಕಡೆಯವರು ನಾಳೆ ಬರುವವರಿದ್ದರು. ಅವರಿಗೆ ಹೋಳಿಗೆ ಮಾಡಬೇಕಾದವಳು ಸೊಸೆ ರಾಜೇಶ್ರೀಯೇ. ರೇವಣ ಹ್ಞೂಂ ಅಂದಿರಲಿಲ್ಲ, ಊಹೂಂ ಅಂದಿರಲಿಲ್ಲ. ಹೊತ್ತು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದ.

ಒಗೆಯಲು ಎತ್ತಿಕೊಂಡ ಗಂಡನ ಅಂಗಿಯ ಜೇಬಿನಲ್ಲಿ ರಾಜೇಶ್ರೀಗೆ ರಿಪೋರ್ಟು ಸಿಕ್ಕಿತು.

"ಇಂವ ಯಾರ್ರೀ, ಅಮರನಾಥ?"

"ಮಿಲ್ಲಿನಾಗ ಅದಾನ," ಎಂದ ರೇವಣ. "ಪಾಪ, ಮಕ್ಕಳಿಲ್ಲ. ಕೊರತಿ ಅವನ ಕಡೀನೇ ಅದ ಅಂತ."

ಬೇಳೆ ಆರಿಸುತ್ತಿದ್ದ ದುಂಡಮ್ಮ ಮೊರ ಕೆಳಗಿಟ್ಟಳು. "ಅಯ್ಯ ಶಿವನೇ! ಅವನ ಹೆಂಡತಿ ಸುಮ್ನ ಎಷ್ಟು ಮಾತು ಕೇಳಿರಬೇಕು! ಅಕಿ ಅತ್ತಿಗಿ ಬುದ್ಧಿ ಬ್ಯಾಡೇನು? ಮೊದಲು ತನ್ನ ಮಗನ್ನ ದವಾಖಾನಿಗಿ ಕಳಸಬೇಕಿತ್ತು."

ಹೆಸರು ಬದಲಿಸಿದವನು ಫೋನ್ ನಂಬರು ಬದಲಿಸಲು ಮರೆತಿದ್ದ. ರಿಪೋರ್ಟಿನಲ್ಲಿ ಹೆಸರಿನ ಕೆಳಗೇ ಇದ್ದ ಆ ನಂಬರು ರಾಜೇಶ್ರೀಗೆ ಬಾಯಿಪಾಠವಿತ್ತು. ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ರಿಪೋರ್ಟನ್ನು ಮಡಚಿ ಗಂಡನ ಕೈಗಿಟ್ಟಳು.

"ಆ ಅಮರನಾಥನ ಅವ್ವಗ ಇದನ್ನ ಯಾರು ಹೇಳಬೇಕ್ರೀ?"

ರೇವಣ ರಿಪೋರ್ಟನ್ನು ಮೊರದಲ್ಲಿದ್ದ ಬೇಳೆಯ ಮೇಲಿಟ್ಟ.

"ಅವ್ವಾ," ಎಂದ, "ಆಧಾರ್ ಕಾರ್ಡಿನಾಗ ಅಮರನಾಥನ ಹೆಸರು ರೇವಣ ಅಂತ ಅದ."